ಹವಳದ ಪಾಸ್‌ಬುಕ್ಕು

ಮಕ್ಕಳೇ, ಮೂವತ್ತಾರು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬೇರೆಯವರ ದುಡ್ಡು ಎಣಿಸುವುದು, ಬರೆಯುವುದು, ಸಂಜೆ ಲೆಕ್ಕ ತಾಳೆಯಾಗುವವರೆಗೆ ಕುರ್ಚಿ ಬಿಟ್ಟು ಏಳದಿರುವುದು. ಕನಕಪುರದಲ್ಲಿ ಶುರುವಾಗಿ, ಮಾಗಡಿ ನೋಡಿ, ಚನ್ನಪಟ್ಟಣದಲ್ಲಿ ನಿವೃತ್ತಿಯಾಯಿತು. ಇನ್ನು ಲೆಡ್ಜರ್ ಮುಟ್ಟುವುದಿಲ್ಲ ಎಂದು ರಾಮನಗರದ ಮನೆಯಲ್ಲಿ ಹಾಯಾಗಿದ್ದವನು ಎಪ್ಪತ್ತಮೂರನೇ ವಯಸ್ಸಿನಲ್ಲಿ ಮತ್ತೆ ಖಾತೆ ಬರೆಯಲು ಕೂತೆ. ಈ ಸಲ ನನ್ನ ಖಾತೆದಾರರು ಹವಳಗಳು.

ನನ್ನ ಮಗಳು, ಅಳಿಯ ಜರ್ಮನಿಯ ಮ್ಯೂನಿಕ್ ಊರಿನಲ್ಲಿದ್ದಾರೆ. ಹೋದ ವರ್ಷ ನಾನೂ ನಿಮ್ಮ ಅಜ್ಜಿಯೂ ಮೂರು ತಿಂಗಳು ಅಲ್ಲಿದ್ದೆವು. (ಈ ಅಂಕಣದ ಓದುಗರಿಗೆಲ್ಲ ಅವಳು ಅಜ್ಜಿಯೇ, ಹಾಗಾಗಿ ಹಾಗೇ ಬರೆಯುತ್ತೇನೆ.) ಮೊಮ್ಮಗಳಿಗೆ ಹನ್ನೆರಡು ವರ್ಷ. ಮನೆಯಲ್ಲಿ ಅವಳನ್ನು ಪುಟ್ಟಿ ಅಂತಲೇ ಕರೆಯುವುದು. ಅವರ ನಡುಮನೆಯಲ್ಲಿ ಗೋಡೆಯುದ್ದ ಒಂದು ಗಾಜಿನ ತೊಟ್ಟಿ. ಒಳಗೆ ಉಪ್ಪು ನೀರು, ಎರಡು ಕಿತ್ತಳೆ ಬಣ್ಣದ ಮೀನು, ಮತ್ತೆ ಕಲ್ಲಿನ ಮೇಲೆ ಹಸಿರು, ನೇರಳೆ, ಗುಲಾಬಿ ಬಣ್ಣದ ಏನೇನೋ ಗಿಡಗಳು.

“ಗಿಡ ಚೆನ್ನಾಗಿ ಬಂದಿದೆ ಕಣವ್ವ” ಅಂದೆ.

“ತಾತ, ಅವು ಗಿಡ ಅಲ್ಲ, ಪ್ರಾಣಿ. ಹವಳ” ಅಂದಳು.

ಅಜ್ಜಿ ತಕ್ಷಣ ಕೊರಳಿನ ಸರ ಮುಟ್ಟಿ ನೋಡಿಕೊಂಡಳು. “ಇದೇನಾ ಆ ಹವಳ?” ಅದು ಬೇರೆ, ಇದು ಬೇರೆ. ಸರಕ್ಕೆ ಪೋಣಿಸುವ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು, ಬೆಳಕು ಕಡಿಮೆ ಇರುವ ಕಡೆ ಬೆಳೆಯುತ್ತದೆ. ಪುಟ್ಟಿಯ ತೊಟ್ಟಿಯಲ್ಲಿದ್ದದ್ದು ಬಿಸಿಲು ಬೀಳುವ ತಿಳಿನೀರಿನಲ್ಲಿ ಬಂಡೆಯನ್ನೇ ಕಟ್ಟುವ ಹವಳ. ಅಕ್ಕಿಕಾಳಿನಷ್ಟು ಚಿಕ್ಕ ಪ್ರಾಣಿಗಳು ಸಾವಿರಾರು ಒಟ್ಟಿಗೆ ಅಂಟಿಕೊಂಡು, ಕೆಳಗೆ ಕಲ್ಲಿನ ಮನೆ ಕಟ್ಟುತ್ತಾ ಮೇಲೆ ಮೇಲೆ ಏರುತ್ತವೆ. ನಮ್ಮ ಊರಿನ ಮಕ್ಕಳಿಗೆ ರೇಷ್ಮೆ ಹುಳು ಗೊತ್ತು. ಅದು ಬಾಯಿಂದ ನೂಲು ತೆಗೆದು ಗೂಡು ಕಟ್ಟುತ್ತದೆ, ಹಿಪ್ಪುನೇರಳೆ ಸೊಪ್ಪು ತಿಂದು ಆ ನೂಲಿಗೆ ಬೇಕಾದದ್ದನ್ನು ಪಡೆಯುತ್ತದೆ. ಹವಳಕ್ಕೆ ಗೂಡಿನ ಸಾಮಾನು ಸಿಗುವುದು ನೀರಿನಲ್ಲೇ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಒಂದು, ಅದರ ಜೊತೆ ಸೇರುವ ಕಾರ್ಬೊನೇಟ್ ಇನ್ನೊಂದು. ಎರಡೂ ಸೇರಿದರೆ ಸುಣ್ಣಕಲ್ಲು.

ಸಮುದ್ರ ದೊಡ್ಡದು, ಎಷ್ಟು ತೆಗೆದರೂ ಅಲ್ಲಿ ಕಡಿಮೆಯಾದದ್ದು ಕಾಣುವುದಿಲ್ಲ. ಪುಟ್ಟಿಯ ತೊಟ್ಟಿಯಲ್ಲಿ ಇದ್ದದ್ದು 250 ಲೀಟರ್. ಹವಳಗಳು ದಿನವೂ ತೆಗೆಯುತ್ತಾ ಹೋದರೆ ಶಿಲ್ಕು ಮುಗಿಯುತ್ತದೆ. ಯಾರಾದರೂ ಜಮೆ ಮಾಡುತ್ತಿರಬೇಕು. ಇಷ್ಟು ಕೇಳಿದ ಮೇಲೆ ನನ್ನಂಥವನು ಸುಮ್ಮನೆ ಕೂರುವುದುಂಟೇ? “ಪುಟ್ಟೀ, ಲೆಕ್ಕ ಎಲ್ಲಿ ಬರೆದಿದ್ದೀಯ?” ಎಂದೆ. ಚೀಟಿಗಳನ್ನು ತಂದಳು. ಒಂದು ಚೀಟಿ ಫ್ರಿಜ್ಜಿನ ಮೇಲೆ, ಒಂದು ಶಾಲೆಯ ಪುಸ್ತಕದಲ್ಲಿ, ಒಂದು ಅವರಪ್ಪನ ಮೊಬೈಲಿನಲ್ಲಿ. ಅವತ್ತೇ ಸಂಜೆ ಅಂಗಡಿಗೆ ಹೋಗಿ ಗೆರೆ ಹಾಕಿದ ಉದ್ದನೆಯ ಪುಸ್ತಕ ಒಂದನ್ನು ತಂದು, ಮೊದಲ ಪುಟದಲ್ಲಿ ‘ಹವಳದ ಪಾಸ್‌ಬುಕ್ಕು’ ಎಂದು ಬರೆದೆ.

ಆ ಪುಸ್ತಕದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಒಂದು ವಿಚಾರ. ಸ್ವಲ್ಪ ನಿಧಾನವಾಗಿ ಓದಿ, ಅಂಕಿ ಬರುತ್ತದೆ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 420 ಮಿಲಿಗ್ರಾಂ ಇರುತ್ತದೆ. ಕಾರ್ಬೊನೇಟಿನ ಕಡೆಯ ಶಿಲ್ಕನ್ನು ‘ಕ್ಷಾರ’ ಎಂದು ಕರೆಯೋಣ. ಅದನ್ನು ಅಳೆಯುವ ಒಂದು ಅಳತೆಗೆ ಜರ್ಮನ್ ಡಿಗ್ರಿ ಎಂದು ಹೆಸರು. ಸಮುದ್ರದಲ್ಲಿ ಅದು 7 ಡಿಗ್ರಿಯ ಹತ್ತಿರ. ಪುಟ್ಟಿ ತನ್ನ ತೊಟ್ಟಿಯಲ್ಲಿ 8 ಇಟ್ಟುಕೊಂಡಿದ್ದಳು. ಹವಳ ಕಲ್ಲು ಕಟ್ಟುವಾಗ ಎರಡು ಖಾತೆಯಿಂದಲೂ ಒಂದೇ ಪ್ರಮಾಣದಲ್ಲಿ ತೆಗೆಯುತ್ತದೆ. ಕ್ಷಾರ 1 ಡಿಗ್ರಿ ಇಳಿದರೆ ಕ್ಯಾಲ್ಸಿಯಂ ಸುಮಾರು 7 ಮಿಲಿಗ್ರಾಂ ಇಳಿಯುತ್ತದೆ. ಅವಳ ತೊಟ್ಟಿಯಲ್ಲಿ ದಿನಕ್ಕೆ ಅರ್ಧ ಡಿಗ್ರಿ ಇಳಿಯುತ್ತಿತ್ತು. ಅಂದರೆ ಕ್ಯಾಲ್ಸಿಯಂ ದಿನಕ್ಕೆ ಮೂರೂವರೆ ಮಿಲಿಗ್ರಾಂ.

ಈಗ ನೋಡಿ. 420ರಲ್ಲಿ ಮೂರೂವರೆ ಹೋದರೆ ಯಾರಿಗೆ ತಿಳಿಯುತ್ತದೆ? ಮನೆಯಲ್ಲಿ ಪರೀಕ್ಷೆ ಮಾಡುವ ಕಿಟ್‌ನಲ್ಲಿ ಅದು ಕಾಣುವುದೇ ಇಲ್ಲ. ಆದರೆ 8ರಲ್ಲಿ ದಿನಾ ಅರ್ಧ ಹೋದರೆ ಹದಿನಾರು ದಿನಕ್ಕೆ ಖಾತೆ ಖಾಲಿ. ಒಬ್ಬನೇ ಮನುಷ್ಯ ಎರಡು ಖಾತೆಯಿಂದ ಜೊತೆಜೊತೆಗೆ ದುಡ್ಡು ತೆಗೆಯುತ್ತಾನೆ, ಒಂದರಲ್ಲಿ ಲಕ್ಷ ಇದೆ, ಇನ್ನೊಂದರಲ್ಲಿ ಸಾವಿರ. ಯಾವ ಖಾತೆಯ ಮೇಲೆ ಕಣ್ಣಿಡಬೇಕು? ಅದಕ್ಕೇ ಪುಟ್ಟಿ ಕ್ಷಾರವನ್ನು ಎರಡು ದಿನಕ್ಕೊಮ್ಮೆ ನೋಡುತ್ತಿದ್ದಳು, ಕ್ಯಾಲ್ಸಿಯಂ ಅನ್ನು ವಾರಕ್ಕೊಮ್ಮೆ.

ನೋಡುವ ವಿಧಾನವೂ ಚೆಂದ. ಚಿಕ್ಕ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದು, ಔಷಧಿಯ ಒಂದೊಂದೇ ಹನಿ ಬಿಡಬೇಕು. ನೀರು ಮೊದಲು ನೀಲಿ, ಆಮೇಲೆ ಇದ್ದಕ್ಕಿದ್ದಂತೆ ಹಳದಿ. ಎಷ್ಟು ಹನಿಗೆ ಹಳದಿಯಾಯಿತೋ ಅಷ್ಟು ಡಿಗ್ರಿ. ಅರ್ಧ ಡಿಗ್ರಿ ಬೇಕೆಂದರೆ ನೀರನ್ನು ಎರಡರಷ್ಟು ತೆಗೆದುಕೊಂಡು, ಹನಿಯ ಲೆಕ್ಕವನ್ನು ಅರ್ಧ ಮಾಡಬೇಕು. ಅವಳು ಹನಿ ಬಿಡುವುದು, ನಾನು ಎಣಿಸುವುದು. ಹದಿನಾರನೇ ಹನಿಗೆ ಹಳದಿಯಾದರೆ ನಾನು “ಎಂಟು!” ಎಂದು ಕೂಗಿ ಬರೆಯುತ್ತಿದ್ದೆ. ಅಳಿಯಂದಿರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, “ಮಾವ, ಆಫೀಸಿನವರಿಗೆ ಕೇಳಿಸುತ್ತೆ” ಎಂದರೂ ಬಿಡಲಿಲ್ಲ.

ಜಮೆ ಮಾಡುವುದು ಯಾವುದರಿಂದ? ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿ ಸಿಗುತ್ತದೆ. ಬೆಲೆ ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ, ಅಷ್ಟೇ ಇತ್ತು. ಪುಟ್ಟಿ ಅದನ್ನು ಕೊಳ್ಳುತ್ತಿರಲಿಲ್ಲ. ಮನೆಯಲ್ಲೇ ಮಾಡುತ್ತಿದ್ದಳು. ಒಂದು ಬಾಟಲಿಗೆ ಅಡಿಗೆ ಸೋಡಾ, ಹೌದು, ನಿಮ್ಮ ಅಮ್ಮ ಇಡ್ಲಿ ಹಿಟ್ಟಿಗೆ ಚಿಟಿಕೆ ಹಾಕುವ ಅದೇ ಸೋಡಾ. ಇನ್ನೊಂದು ಬಾಟಲಿಗೆ ಕ್ಯಾಲ್ಸಿಯಂ ಕ್ಲೋರೈಡ್, ಚೀಸ್ ಮಾಡುವವರು ಹಾಲಿಗೆ ಹಾಕುವಂಥದ್ದು, ಊಟಕ್ಕೆ ಯೋಗ್ಯವಾದ ಗುಣಮಟ್ಟದ್ದು. ಜರ್ಮನಿಯಲ್ಲಿ ಇದಕ್ಕೆ ಬಾಲಿಂಗ್ ವಿಧಾನ ಎನ್ನುತ್ತಾರೆ, ಹಾನ್ಸ್-ವೆರ್ನರ್ ಬಾಲಿಂಗ್ ಎಂಬುವರ ಹೆಸರಿನಲ್ಲಿ. ಅಮೆರಿಕದಲ್ಲಿ ರ‍್ಯಾಂಡಿ ಹೋಮ್ಸ್-ಫಾರ್ಲೆ ಎಂಬ ರಸಾಯನಶಾಸ್ತ್ರಜ್ಞರು ಇಂಥದ್ದೇ ಮನೆ ಪಾಕದ ಲೆಕ್ಕವನ್ನು ಬರೆದು, 2006ರಲ್ಲಿ ತಿದ್ದಿ ಇನ್ನೊಮ್ಮೆ ಪ್ರಕಟಿಸಿದರು. ಯಾರು ಬೇಕಾದರೂ ಓದಿ ಮಾಡಿಕೊಳ್ಳಬಹುದಾದ ಪಾಕ.

ಅವಳ ಲೆಕ್ಕವನ್ನು ನಾನು ಮತ್ತೆ ಮಾಡಿ ನೋಡಿದೆ. 250 ಲೀಟರಿಗೆ ಅರ್ಧ ಡಿಗ್ರಿ ಏರಿಸಲು 3.75 ಗ್ರಾಂ ಸೋಡಾ ಬೇಕು. ಅದಕ್ಕೆ ಜೊತೆಯಾಗಿ ಹರಳು ರೂಪದ ಕ್ಯಾಲ್ಸಿಯಂ ಕ್ಲೋರೈಡ್ 3.3 ಗ್ರಾಂ. ಎರಡೂ ಒಂದೊಂದು ಟೀ ಚಮಚದ ಒಳಗೇ. ದಿನಾ ಅಷ್ಟು ಸಣ್ಣದನ್ನು ತೂಗುವುದು ಕಷ್ಟ, ಆದ್ದರಿಂದ ಒಂದು ಲೀಟರ್ ಶುದ್ಧ ನೀರಿಗೆ 75 ಗ್ರಾಂ ಸೋಡಾ ಕಲಸಿ ಒಂದು ಬಾಟಲಿ, ಇನ್ನೊಂದು ಲೀಟರಿಗೆ 66 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕಲಸಿ ಇನ್ನೊಂದು ಬಾಟಲಿ. ಪ್ರತಿದಿನ ಎರಡರಿಂದಲೂ 50 ಮಿಲಿಲೀಟರ್. ಇಪ್ಪತ್ತು ದಿನಕ್ಕೆ ಎರಡು ಬಾಟಲಿಯೂ ಒಟ್ಟಿಗೆ ಮುಗಿಯಬೇಕು. ಒಂದು ಮೊದಲೇ ಮುಗಿದರೆ ಎಲ್ಲೋ ತಪ್ಪಾಗಿದೆ ಎಂದರ್ಥ. ಬ್ಯಾಂಕಿನಲ್ಲಿ ಇಂಥ ತಾಳೆ ಪದ್ಧತಿ ಇದ್ದಿದ್ದರೆ ನಾನು ಎಷ್ಟು ಸಂಜೆ ಬೇಗ ಮನೆಗೆ ಬರುತ್ತಿದ್ದೆನೋ!

ಇನ್ನೊಂದು ಕುತೂಹಲದ ವಿಷಯ. ಹವಳ ಸುಣ್ಣಕಲ್ಲನ್ನು ತೆಗೆದುಕೊಂಡ ಮೇಲೆ ಈ ಎರಡು ಬಾಟಲಿಗಳಿಂದ ನೀರಿನಲ್ಲಿ ಏನು ಉಳಿಯುತ್ತದೆ ಗೊತ್ತೇ? ಅಡಿಗೆ ಉಪ್ಪು. ದಿನಕ್ಕೆ ಎರಡೂವರೆ ಗ್ರಾಂಗೆ ಸ್ವಲ್ಪ ಮೇಲೆ. ಅದಕ್ಕೇ ಆಗಾಗ ಸ್ವಲ್ಪ ಹಳೇ ನೀರು ತೆಗೆದು ಹೊಸ ಉಪ್ಪು ನೀರು ಹಾಕಬೇಕು. ಮೆಗ್ನೀಷಿಯಂ ಎಂಬ ಮೂರನೇ ಖಾತೆಯೂ ಇದೆ, ಲೀಟರಿಗೆ 1300 ಮಿಲಿಗ್ರಾಂ. ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ನೀರಿನಲ್ಲೇ ಜಗಳವಾಡಿ ಕಲ್ಲಾಗಿ ಬೀಳದಂತೆ ಅದು ಕಾಯುತ್ತದೆ. ಅದು ನಿಧಾನವಾಗಿ ಖರ್ಚಾಗುವುದರಿಂದ ನಾನಿದ್ದ ಮೂರು ತಿಂಗಳಲ್ಲಿ ಒಂದೇ ಒಂದು ಸಲ ಜಮೆ ಬಂತು.

ಈ ಬಾಟಲಿಗಳಿಗಿಂತ ಮೊದಲು ಅವಳು ಬಳಸುತ್ತಿದ್ದದ್ದು ‘ಕಾಲ್ಕ್‌ವಾಸರ್’. ಜರ್ಮನ್ ಭಾಷೆಯಲ್ಲಿ ಕಾಲ್ಕ್ ಎಂದರೆ ಸುಣ್ಣ, ವಾಸರ್ ಎಂದರೆ ನೀರು. ಸುಣ್ಣದ ತಿಳಿನೀರು! ಪೀಟರ್ ವಿಲ್ಕೆನ್ಸ್ ಎಂಬುವರು 1970ರ ದಶಕದಲ್ಲಿ ಹವಳ ಸಾಕುವವರಿಗೆ ಹೇಳಿಕೊಟ್ಟ ದಾರಿ. ಇದನ್ನು ಕೇಳಿ ಅಜ್ಜಿ ತನ್ನ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. “ಇದಕ್ಕೆ ಜರ್ಮನಿಗೆ ಬರಬೇಕಿತ್ತಾ?” ಅಂದಳು. ಪುಟ್ಟಿ ನಕ್ಕು, ವೀಳ್ಯದೆಲೆಯ ಸುಣ್ಣದಲ್ಲಿ ಬೇರೆ ಏನೇನು ಬೆರೆತಿದೆಯೋ ಗೊತ್ತಿಲ್ಲ, ತೊಟ್ಟಿಗೆ ಹಾಕುವ ಹಾಗಿಲ್ಲ ಅಂದಳು. ಸುಣ್ಣ ಎಷ್ಟು ಹಾಕಿದರೂ ಒಂದು ಲೀಟರ್ ನೀರು ಒಂದೂವರೆ ಗ್ರಾಂನಷ್ಟೇ ಕರಗಿಸಿಕೊಳ್ಳುತ್ತದೆ. ಉಳಿದದ್ದು ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ಬೀಳಿಸಬೇಕು. ಆ ತಿಳಿ ನೋಡಲು ಕುಡಿಯುವ ನೀರಿನ ಹಾಗೇ ಇರುತ್ತದೆ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಮನೆಗೆ ಬರುವ ಚಿಕ್ಕ ಮಕ್ಕಳ ಕೈಗೆ ಸಿಕ್ಕರೆ ಕಷ್ಟ ಎಂದು ನನ್ನ ಮಗಳು ಅದನ್ನು ಬಿಡಿಸಿದ್ದಳು.

ನಾನು ಚನ್ನಪಟ್ಟಣದಲ್ಲಿದ್ದಾಗ ಹುಳು ಸಾಕುವ ಮನೆಗಳಿಗೆ ಸಾಲದ ಕೆಲಸಕ್ಕೆ ಹೋಗುತ್ತಿದ್ದೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ತಲೆಯೆತ್ತಿ ಕೂರುವಾಗ, ತಟ್ಟೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ಹದವಾಗಿ ಉದುರಿಸುತ್ತಿದ್ದರು. ಹಾಸಿಗೆ ಒಣಗಿರಲಿ ಎಂದು. ಒಬ್ಬ ಹೆಣ್ಣುಮಗಳು ಉದುರಿಸುವ ಕೈಯನ್ನು ನೋಡುತ್ತಾ ನಾನು ಸಾಲದ ಅರ್ಜಿ ತುಂಬುವುದನ್ನೇ ಮರೆತು ನಿಂತದ್ದು ನೆನಪಿದೆ. ಮಂಜು ಬಿದ್ದಷ್ಟು ತೆಳುವಾಗಿ ಬೀಳುತ್ತಿತ್ತು.

ಆ ಕೈ ನನಗೆ ಇರಲಿಲ್ಲ. ಇನ್ನು ಆ ವಿಷಯ ಹೇಳುತ್ತೇನೆ.

ಜೂನ್ ತಿಂಗಳಲ್ಲಿ ನಾವೆಲ್ಲ ನಾಲ್ಕು ದಿನ ಬೆಟ್ಟದ ಕಡೆ ಹೋಗಿದ್ದೆವು. ತೊಟ್ಟಿಗೆ ದೀಪ, ಪಂಪು ಎಲ್ಲ ತಾನಾಗಿ ನಡೆಯುತ್ತದೆ, ಮೀನಿಗೆ ಆಹಾರ ಬೀಳಿಸುವ ಡಬ್ಬಿಯೂ ಇದೆ. ಬಾಟಲಿ ಮಾತ್ರ ಕೈಯಿಂದ ಹಾಕಬೇಕು. ನಾಲ್ಕು ದಿನ ಜಮೆ ಇಲ್ಲ. ಭಾನುವಾರ ರಾತ್ರಿ ಬಂದು ಪರೀಕ್ಷೆ ಮಾಡಿದಾಗ ಕ್ಷಾರ 6. ಲೆಕ್ಕಕ್ಕೆ ಸರಿಯಾಗಿ ದಿನಕ್ಕೆ ಅರ್ಧದಂತೆ ಎರಡು ಡಿಗ್ರಿ ಇಳಿದಿತ್ತು. “ತಾತ, ನಾಳೆ ಸಂಜೆ ನಾನು ಸ್ಕೂಲಿಂದ ಬಂದ್ಮೇಲೆ ನೋಡೋಣ, ನಿಧಾನಕ್ಕೆ ಏರಿಸಬೇಕು” ಎಂದು ಪುಟ್ಟಿ ಮಲಗಲು ಹೋದಳು. ಹೇಳಿದ್ದಳು. ನಾನು ಕೇಳಿಸಿಕೊಂಡೂ ಇದ್ದೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಪಾಸ್‌ಬುಕ್ಕು ತೆರೆದರೆ ನಾಲ್ಕು ಸಾಲು ಖಾಲಿ. ಖಾಲಿ ಸಾಲು ನೋಡಿದರೆ ನನಗೆ ಸಂಕಟ. ನಾಲ್ಕು ದಿನದ ಬಾಕಿ, ಒಂದೊಂದು ಬಾಟಲಿಯಿಂದ 200 ಮಿಲಿಲೀಟರ್. ಎರಡು ಸಲ ಓಡಾಡುವುದೇಕೆ ಎಂದು ಎರಡನ್ನೂ ಒಂದೇ ಜಗ್ಗಿಗೆ ಸುರಿದೆ.

ಜಗ್ಗಿನೊಳಗೆ ಹಾಲು ಒಡೆದಂತಾಯಿತು. ಬುಸಬುಸನೆ ನೊರೆ, ಬಿಳಿ ಗಟ್ಟಿ. ಆಗಲಾದರೂ ನಿಲ್ಲಬೇಕಿತ್ತು. ‘ಕರಗುತ್ತದೆ’ ಅಂದುಕೊಂಡು ತೊಟ್ಟಿಗೆ ಸುರಿದುಬಿಟ್ಟೆ. ಅದು ಕರಗುವ ವಸ್ತುವೇ ಅಲ್ಲ. ಹವಳ ನಿಧಾನವಾಗಿ ಕಟ್ಟಬೇಕಾಗಿದ್ದ ಸುಣ್ಣಕಲ್ಲನ್ನು ನಾನು ಜಗ್ಗಿನಲ್ಲಿ ಒಂದು ನಿಮಿಷದಲ್ಲಿ ಮಾಡಿಬಿಟ್ಟಿದ್ದೆ. ತೊಟ್ಟಿಯೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಯಿತು. ಮೀನು ಎರಡೂ ಮೂಲೆಗೆ ಸೇರಿದವು.

ಅರ್ಧ ಗಂಟೆ ಕಾದು ಪರೀಕ್ಷೆ ಮಾಡಿದೆ. ಹನ್ನೆರಡು ಹನಿಗೇ ಹಳದಿ. ಕ್ಷಾರ 6ರಲ್ಲೇ ನಿಂತಿತ್ತು. ಇರಲೇಬೇಕಲ್ಲ, ಹಾಕಿದ್ದೆಲ್ಲ ಕಲ್ಲಾಗಿ ಬಿದ್ದಿತ್ತು. ಆದರೆ ನನ್ನ ತಲೆಗೆ ಹೊಳೆದದ್ದು ‘ಜಮೆ ಕಡಿಮೆಯಾಯಿತು’ ಎಂದು. ಈ ಸಲ ಸೋಡಾ ಬಾಟಲಿಯಿಂದ ಮಾತ್ರ 300 ಮಿಲಿಲೀಟರ್, ಬಾಕಿಯ ಮೇಲೆ ಬಡ್ಡಿಯೂ ಇರಲಿ ಎಂದು, ಒಂದೇ ಸಲ. ಮತ್ತೆ ಪರೀಕ್ಷೆ. ಹದಿನೆಂಟು ಹನಿ. ಕ್ಷಾರ 9. ನನಗೋ ಸಮಾಧಾನ. ‘ಬಾಕಿ ಚುಕ್ತಾ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಾಫಿ ಕುಡಿದೆ.

ಪುಟ್ಟಿ ಸಂಜೆ ಬಂದು ಚೀಲವನ್ನು ಕೆಳಗಿಡುವ ಮೊದಲೇ ತೊಟ್ಟಿ ನೋಡಿದಳು. ಪುಸ್ತಕ ನೋಡಿದಳು. ಬಿಳಿಯಾಗಿದ್ದ ನೀರು ಅಷ್ಟೊತ್ತಿಗೆ ಬಹುಪಾಲು ತಿಳಿಯಾಗಿತ್ತು, ಕಲ್ಲುಗಳ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತಿತ್ತು. ಆದರೆ ಹವಳದ ಆ ಪುಟ್ಟ ಕೈಗಳೆಲ್ಲ ಒಳಗೆ ಎಳೆದುಕೊಂಡಿದ್ದವು. “ತಾತ, ಒಂದು ದಿನಕ್ಕೆ ಒಂದು ಡಿಗ್ರಿಗಿಂತ ಜಾಸ್ತಿ ಏರಿಸಬಾರದು” ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅವಳಪ್ಪ ಬಂದ ಮೇಲೆ ಇಬ್ಬರೂ ಸೇರಿ 25 ಲೀಟರ್ ಹೊಸ ಉಪ್ಪು ನೀರು ಬೆರೆಸಿ, ಅಷ್ಟೇ ಹಳೆಯದನ್ನು ತೆಗೆದು ಬದಲಾಯಿಸಿದರು. ಇಳಿಸಲೆಂದು ಬೇರೇನನ್ನೂ ಹಾಕಲಿಲ್ಲ. ಹವಳಗಳೇ ದಿನಕ್ಕೆ ಅರ್ಧದಂತೆ ತಿಂದು ಇಳಿಸಲಿ ಎಂದು ಬಿಟ್ಟರು.

ಬುಧವಾರ ಒಂದು ಹವಳದ ತುದಿಗಳು ಬಿಳಿಯಾದವು. ಅಕ್ರೋಪೋರಾ ಎಂಬ ಜಾತಿ, ಕವಲು ಕವಲಾಗಿ ಬೆಳೆಯುವಂಥದ್ದು, ತೊಟ್ಟಿಯಲ್ಲಿ ಅತಿ ಸೂಕ್ಷ್ಮವಾದದ್ದು. ಒಂದೂವರೆ ವರ್ಷದ ಹಿಂದೆ ಅವಳ ಹುಟ್ಟುಹಬ್ಬಕ್ಕೆ ಕಿರುಬೆರಳಿನ ತುದಿಯಷ್ಟು ತಂದು, ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆಸಿದ್ದಳು. ಶನಿವಾರದ ಹೊತ್ತಿಗೆ ಬುಡದಿಂದ ಚರ್ಮ ಸುಲಿದ ಹಾಗೆ ಕಲ್ಲು ಕಾಣಲು ಶುರುವಾಯಿತು. ಬೇರೆಯವೆಲ್ಲ ನಿಧಾನವಾಗಿ ಕೈ ಚಾಚಿದವು, ಇದು ಚಾಚಲಿಲ್ಲ.

ಆವತ್ತು ರಾತ್ರಿ ಅಜ್ಜಿ ಒಂದು ಮಾತು ಹೇಳಿದಳು. “ಏನ್ರೀ, ನಲವತ್ತು ವರ್ಷದಿಂದ ನಿಮಗೆ ಎಲೆ ಮಡಿಚಿ ಕೊಡ್ತಿದ್ದೀನಿ. ಸುಣ್ಣ ಒಂಚೂರು ಹೆಚ್ಚಾದ್ರೆ ನಾಲಿಗೆ ಸುಟ್ಟು ಎಷ್ಟು ರೇಗಾಡ್ತೀರಿ. ನಾಲ್ಕು ದಿನ ಎಲೆ ಹಾಕ್ಲಿಲ್ಲ ಅಂತ ನಾಲ್ಕು ದಿನದ ಸುಣ್ಣಾನ ಒಂದೇ ಎಲೆಗೆ ಹಚ್ಚಿ ಕೊಟ್ರೆ ತಿಂತೀರಾ?” ನನ್ನ ಹತ್ತಿರ ಉತ್ತರವಿರಲಿಲ್ಲ.

ಭಾನುವಾರ ಪುಟ್ಟಿ ಒಂದು ಕತ್ತರಿ ತಂದಳು, ಮೂಳೆ ಕತ್ತರಿಸುವಂಥ ಗಟ್ಟಿ ಕತ್ತರಿ. ಸಾಯುತ್ತಿದ್ದ ಹವಳದಲ್ಲಿ ಇನ್ನೂ ಬಣ್ಣವಿದ್ದ ಎರಡು ಕವಲನ್ನು ಕತ್ತರಿಸಿ, ಸಣ್ಣ ಕಲ್ಲುಗಳಿಗೆ ಸೂಪರ್ ಗ್ಲೂನಲ್ಲಿ ಅಂಟಿಸಿದಳು. ಆ ಅಂಟು ನೀರಿನೊಳಗೂ ಹಿಡಿಯುತ್ತದೆ. ದಾಸವಾಳದ ಕಡ್ಡಿ ನೆಟ್ಟ ಹಾಗೆ. “ತಾತ, ಕಲ್ಲು ಹಿಡ್ಕೊಳ್ಳಿ” ಅಂದಳು. ಹಿಡಿದುಕೊಂಡೆ. ಒಂದು ಕವಲು ಮೂರನೇ ದಿನಕ್ಕೆ ಬೆಳ್ಳಗಾಯಿತು. ಇನ್ನೊಂದು ಇತ್ತು. ನಾವು ಹೊರಡುವ ಹೊತ್ತಿಗೂ ಇತ್ತು, ಬೆಳೆದಿರಲಿಲ್ಲ, ಸತ್ತೂ ಇರಲಿಲ್ಲ.

ಸತ್ತ ಹವಳದ ಬಿಳಿ ಕಲ್ಲು ನೋಡಲು ಬಹಳ ಚೆಂದ. ಊರಿಗೆ ತಂದು ಗೊಂಬೆ ಕೂರಿಸುವಾಗ ಇಡೋಣ ಎಂದು ಅಜ್ಜಿ ಕಾಗದದಲ್ಲಿ ಸುತ್ತಿಟ್ಟಿದ್ದಳು. ನಾನು ಪೆಟ್ಟಿಗೆಯಿಂದ ತೆಗೆಸಿದೆ. ಇದನ್ನು ನೀವೂ ತಿಳಿದಿರಿ. ಬಂಡೆ ಕಟ್ಟುವ ಹವಳಗಳನ್ನೆಲ್ಲ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಪಟ್ಟಿಗೆ 2001ರಲ್ಲಿ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿಗೆ. ಸತ್ತದ್ದಾದರೂ ಹಾಗೆಲ್ಲ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ. ಹೊರದೇಶದಿಂದ ಪತ್ರವಿಲ್ಲದೆ ತರುವಂತೆಯೂ ಇಲ್ಲ. ಪುಟ್ಟಿಯ ಹವಳಗಳು ಅಲ್ಲಿ ತೊಟ್ಟಿಗಳಲ್ಲೇ ತುಂಡು ಮಾಡಿ ಬೆಳೆಸಿದವು, ಒಂದೊಂದಕ್ಕೂ ರಸೀದಿ ಇದೆ, ಅದನ್ನು ಪಾಸ್‌ಬುಕ್ಕಿನ ಹಿಂದೆ ಅಂಟಿಸಿದ್ದೇನೆ. ನಮ್ಮ ಮಕ್ಕಳು ಹವಳ ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಮುರುಡೇಶ್ವರದ ಆಚೆ ಸಮುದ್ರದಲ್ಲಿ ನೇತ್ರಾಣಿ ದ್ವೀಪದ ಸುತ್ತ ಇದೆ. ಮುಳುಗಿ ನೋಡಿಸುವವರು ಅಲ್ಲಿದ್ದಾರೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿಗಳಲ್ಲಂತೂ ದೊಡ್ಡ ದಿಬ್ಬಗಳೇ ಇವೆ.

ಮನೆಯಲ್ಲೇ ನೋಡಬಹುದಾದದ್ದು ಒಂದಿದೆ. ಅಜ್ಜಿಯನ್ನೋ ತಾತನನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು, ಒಬ್ಬರೇ ಮಾಡಕೂಡದು. ಎಲೆಗೆ ಹಚ್ಚುವ ಬಿಳಿ ಸುಣ್ಣವನ್ನು ಕಾಲು ಚಮಚ ಒಂದು ಲೋಟ ನೀರಿಗೆ ಕಲಸಿ, ಮುಚ್ಚಿ, ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಅಲುಗಾಡಿಸದೆ ಹಿರಿಯರು ಇನ್ನೊಂದು ಗಾಜಿನ ಲೋಟಕ್ಕೆ ಬಗ್ಗಿಸಿಕೊಡಲಿ. ಉದ್ದನೆಯ ಸ್ಟ್ರಾದಿಂದ ಮೆಲ್ಲಗೆ ಊದಿ. ಹೀರಬೇಡಿ, ಊದಿ. ಮುಖವನ್ನು ಲೋಟದಿಂದ ದೂರವಿಟ್ಟುಕೊಳ್ಳಿ, ಕೈಗೆ ತಾಗಿದರೆ ಕೂಡಲೇ ತೊಳೆಯಿರಿ. ತಿಳಿ ನೀರು ಹಾಲಿನಂತಾಗುತ್ತದೆ. ನಿಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಸುಣ್ಣಕಲ್ಲಾಯಿತು. ನನ್ನ ಜಗ್ಗಿನಲ್ಲಿ ಆದದ್ದೂ ಅದೇ ಬಿಳುಪು. ಊದುವುದನ್ನು ನಿಲ್ಲಿಸದೆ ಬಹಳ ಹೊತ್ತು ಊದಿದರೆ ಬಿಳುಪು ಕರಗಿ ಮತ್ತೆ ತಿಳಿಯಾಗುತ್ತದೆ, ಆ ತಿಳಿಯನ್ನು ಹಿರಿಯರು ಒಲೆಯ ಮೇಲೆ ಕಾಯಿಸಿದರೆ ಮತ್ತೆ ಬೆಳ್ಳಗಾಗುತ್ತದೆ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಇದೇ. ಮ್ಯೂನಿಕ್ಕಿನ ಕುಡಿಯುವ ನೀರು ಆಲ್ಪ್ಸ್ ಬೆಟ್ಟದ ಬುಡದಿಂದ ಬರುತ್ತದೆ, ಅವರ ಕೆಟಲ್ಲಿನಲ್ಲೂ ಇದೇ ಪೊರೆ ನೋಡಿ ಅಜ್ಜಿಗೆ ಊರಿಗೆ ಬಂದಷ್ಟು ಸಂತೋಷವಾಗಿತ್ತು. ನಿಂಬೆಹಣ್ಣಿನಿಂದ ಉಜ್ಜಿ ಕೊಟ್ಟಳು.

ಪಾಸ್‌ಬುಕ್ಕನ್ನು ನಾನು ಪುಟ್ಟಿಗೆ ಬಿಟ್ಟು ಬರಲು ಹೊರಟೆ. ಅವಳು ನನ್ನ ಕೆಂಪು ಶಾಯಿಯ ಸಾಲನ್ನು ಹೊಡೆದು ಹಾಕಿರಬಹುದು ಎಂದುಕೊಂಡಿದ್ದೆ. ಹೊಡೆದಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ, ತಪ್ಪುತಪ್ಪಾದ ಕನ್ನಡದಲ್ಲಿ, ‘ತಾತ ಒಂದೇ ಸಲ ಹಾಕಿದರು. 6ರಿಂದ 9’ ಎಂದು ಬರೆದಿದ್ದಳು. ಬ್ಯಾಂಕಿನಲ್ಲೂ ಹಾಗೇ, ತಪ್ಪಾದ ನಮೂದನ್ನು ಅಳಿಸುವಂತಿಲ್ಲ, ಪಕ್ಕದಲ್ಲಿ ಕಾರಣ ಬರೆಯಬೇಕು. ಅವಳಿಗೆ ಯಾರು ಹೇಳಿಕೊಟ್ಟರೋ. ನಾನಂತೂ ಹೇಳಿರಲಿಲ್ಲ.

ಈಗ ಪ್ರತಿ ಭಾನುವಾರ ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ ಅವಳ ಫೋನು ಬರುತ್ತದೆ. ಅವಳು ಅಂಕಿ ಓದುತ್ತಾಳೆ, ನಾನು ಇಲ್ಲಿನ ನಕಲು ಪುಸ್ತಕದಲ್ಲಿ ಬರೆಯುತ್ತೇನೆ. ಹೋದ ಭಾನುವಾರದ ನಮೂದು ಹೀಗಿದೆ: ಕ್ಷಾರ ಏಳೂವರೆ. ಕ್ಯಾಲ್ಸಿಯಂ 415. ಎರಡು ಬಾಟಲಿಯೂ ಒಂದೇ ದಿನ ಮುಗಿದವು, ಹೊಸದು ಕಲಸಿದೆ. ಅಂಟಿಸಿದ ತುಂಡಿನಲ್ಲಿ ಎರಡನೇ ಕವಲು ಮೂಡಿದೆ, ಅಕ್ಕಿಕಾಳಿನಷ್ಟು.